5 ಕಚ್ಚುತ್ತದೆ, 6 ಜಾರುತ್ತದೆ: ದಿನವಿಡೀ ನಿಲ್ಲುವವರಿಗೆ ಎಂತಹ ಸ್ಯಾಂಡಲ್ ಒಗ್ಗೀತು?

ಹೇಮಾವತಿ_ತೀರ (ಹಾಸನ)

ನಾನು ಹಾಸನದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ದಿನಕ್ಕೆ ಐದು ಪೀರಿಯಡ್ ನಿಂತೇ ಪಾಠ ಮಾಡಬೇಕು. ಅದರ ಮೇಲೆ ಬಸ್ಸಿಳಿದು ಶಾಲೆಯವರೆಗೆ ಒಂದೂವರೆ ಕಿಲೋಮೀಟರ್ ನಡಿಗೆ. ಎರಡು ವರ್ಷಗಳಲ್ಲಿ ನಾಲ್ಕು ಜೊತೆ ಸ್ಯಾಂಡಲ್ ಕೊಂಡಿದ್ದೇನೆ, ಒಂದೂ ಒಗ್ಗಲಿಲ್ಲ. 5ನೇ ನಂಬರಿನದು ಕಿರುಬೆರಳಿನ ಬುಡದಲ್ಲಿ ಕಚ್ಚುತ್ತದೆ. 6ನೆಯದನ್ನು ಹಾಕಿದರೆ ಹಿಮ್ಮಡಿಯ ಹಿಂದೆ ಬೆರಳಗಲ ಜಾಗ ಉಳಿದು, ನಡೆದಂತೆಲ್ಲ ಟಪಟಪ ಸದ್ದಾಗುತ್ತದೆ. ಸಂಜೆಯ ಹೊತ್ತಿಗೆ ಮೀನಖಂಡ ಸೆಳೆಯತೊಡಗುತ್ತದೆ. ಅಂಗಡಿಯಲ್ಲಿ ಪ್ರತಿ ಸಲವೂ "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಮೇಡಂ" ಎಂಬ ಒಂದೇ ಮಾತು. ಅದು ಸಡಿಲವಾಗುವಷ್ಟರಲ್ಲಿ ನನ್ನ ಕಾಲಿಗೆ ಆಣಿ ಬಂದಿರುತ್ತದೆ.

ನಿನ್ನೆ ಕಾಗದದ ಮೇಲೆ ಪಾದವಿಟ್ಟು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದು ಅಳೆದೆ: ಉದ್ದ 23.8 ಸೆಂ.ಮೀ., ಅತಿ ಅಗಲವಾದ ಕಡೆ 10 ಸೆಂ.ಮೀ. ಈ ಅಳತೆಗೆ ಯಾವ ನಂಬರು ಸರಿ? ಜೊತೆಗೆ, ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ, ಅಂಗಾಲು ಜೋಮು ಹಿಡಿದಂತಿರುತ್ತದೆ ಎನ್ನುವ ನನ್ನ ತಾಯಿಗೂ ಒಂದು ಜೊತೆ ಕೊಳ್ಳಬೇಕಾಗಿದೆ. ತಿಳಿದವರು ದಯವಿಟ್ಟು ತಿಳಿಸಬೇಕು.

ಹಳೇ_ಅಂಗಡಿ (ಚಿಕ್ಕಮಗಳೂರು)

ಚಿಕ್ಕಮಗಳೂರಿನಲ್ಲಿ ಹದಿನೆಂಟು ವರ್ಷ ಪಾದರಕ್ಷೆಯ ಅಂಗಡಿಯ ಗಲ್ಲಾದ ಹಿಂದೆಯೂ ಗಿರಾಕಿಗಳ ಕಾಲ ಮುಂದೆಯೂ ಕೂತವನು ನಾನು. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಎಂಬ ಮಾತನ್ನು ನಾನೂ ಆಡಿದ್ದೇನೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚರ್ಮದ ಪಟ್ಟಿಯ ಮಟ್ಟಿಗೆ ಅದು ಅರ್ಧ ನಿಜ. ರೆಕ್ಸಿನ್ ಪಟ್ಟಿಯಾದರೆ ಪೂರ್ತಿ ಸುಳ್ಳು.

ನೀವು ಕೊಟ್ಟ ಉದ್ದಕ್ಕೆ 5 ಸರಿಯಾದ ನಂಬರೇ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಇಂಗ್ಲೆಂಡಿನ ನಂಬರು. ಅದರಲ್ಲಿ ಒಂದು ನಂಬರೆಂದರೆ ಅಂಗುಲದ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ಪೆಟ್ಟಿಗೆಯ ಮೇಲೆ 38, 39 ಎಂದು ಇರುವುದು ಯುರೋಪಿನ ಲೆಕ್ಕ. ಅಲ್ಲಿ ಒಂದು ನಂಬರಿಗೆ ಸುಮಾರು 6.7 ಮಿ.ಮೀ. ಎರಡೂ ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲವಾದ್ದರಿಂದ ಒಂದು ಕಂಪನಿಯ 5, ಇನ್ನೊಂದರ 5ಕ್ಕಿಂತ ಕೊಂಚ ಹೆಚ್ಚುಕಡಿಮೆ ಬರುವುದುಂಟು. ಆದರೆ ನಿಮ್ಮ ತೊಂದರೆ ಇದಲ್ಲ. ಈ ಎರಡು ನಂಬರುಗಳೂ ಹೇಳುವುದು ಉದ್ದವನ್ನು ಮಾತ್ರ, ಮತ್ತು ನಿಮಗೆ ಸಾಲದಿರುವುದು ಅಗಲ.

ಅಗಲ ಸಾಲದಾಗ ನಾವೆಲ್ಲ ಮಾಡುವ ತಪ್ಪನ್ನೇ ನೀವೂ ಮಾಡಿದ್ದೀರಿ: ಒಂದು ನಂಬರು ಮೇಲಕ್ಕೆ ಹೋಗಿದ್ದೀರಿ. ಹಾಗೆ ಹೋದಾಗ ಅಗಲ ಎರಡು ಮೂರು ಮಿ.ಮೀ. ಹೆಚ್ಚುತ್ತದೆ ನಿಜ, ಆದರೆ ಉದ್ದ ಅದಕ್ಕಿಂತ ಬಹಳ ಬೆಳೆಯುತ್ತದೆ. ಅಟ್ಟೆಯ ಕಮಾನಿನ ಉಬ್ಬು ನಿಮ್ಮ ಪಾದದ ಕಮಾನಿನ ಕೆಳಗೆ ಕೂರದೆ ಮುಂದಕ್ಕೆ ಸರಿಯುತ್ತದೆ, ಅಟ್ಟೆ ಬಾಗುವ ಜಾಗ ನಿಮ್ಮ ಬೆರಳುಗಳು ಬಾಗುವ ಜಾಗಕ್ಕಿಂತ ಆಚೆ ಹೋಗುತ್ತದೆ, ಚಪ್ಪಲಿ ಕಳಚಿಹೋಗದಿರಲೆಂದು ನಿಮಗೇ ತಿಳಿಯದಂತೆ ಬೆರಳುಗಳು ಮಡಚಿ ಅಟ್ಟೆಯನ್ನು ಹಿಡಿಯತೊಡಗುತ್ತವೆ. ನಿಮ್ಮ ಮೀನಖಂಡದ ಸೆಳೆತಕ್ಕೆ ಮೂಲ ಅಲ್ಲಿರಬಹುದು. ಆದ್ದರಿಂದ ನಂಬರನ್ನು 5ರಲ್ಲೇ ನಿಲ್ಲಿಸಿ, ಅಗಲವನ್ನು ಪಟ್ಟಿಯಲ್ಲಿ ಹುಡುಕಿ. ಬೆರಳ ಬಳಿ, ಮುಂಗಾಲಿನ ಮೇಲೆ, ಹಿಮ್ಮಡಿಯ ಹಿಂದೆ, ಹೀಗೆ ಮೂರು ಕಡೆಯೂ ವೆಲ್ಕ್ರೋ ಅಥವಾ ಬಕಲ್ ಇರುವುದನ್ನೇ ಕೇಳಿ.

ತಪ್ಪು ನಿಮ್ಮ ಪಾದದ್ದೂ ಅಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನರಿನಿಂದ ಅಳೆದು, ನಮ್ಮವರ ಪಾದ ಯುರೋಪಿನವರದ್ದಕ್ಕಿಂತ ಅಗಲವೆಂದು ಕಂಡುಕೊಂಡು, ನಮ್ಮದೇ ಆದ 'ಭ' ಎಂಬ ಅಳತೆಪದ್ಧತಿಯನ್ನು ಸೂಚಿಸಿದ್ದಾರೆ.

ಅಂಗಡಿಗೆ ಸಂಜೆ ಹೋಗಿ. ದಿನವಿಡೀ ನಿಂತ ಕಾಲು ಬೆಳಗಿನದ್ದಕ್ಕಿಂತ ಊದಿರುತ್ತದೆ. ಎರಡೂ ಕಾಲಿಗೆ ಹಾಕಿ, ಕೂತು ನೋಡದೆ ಎದ್ದು ನಿಂತು ನೋಡಿ. ಪಾದದ ಅಂಚು ಅಟ್ಟೆಯಿಂದ ಎಲ್ಲೂ ಹೊರಗೆ ಚಾಚಬಾರದು. ಹೆಬ್ಬೆರಳಿನ ಮುಂದೆ ಅರ್ಧದಿಂದ ಒಂದು ಸೆಂ.ಮೀ. ಉಳಿದರೆ ಸಾಕು. ಕೊನೆಯದಾಗಿ ಪಟ್ಟಿ ಅಟ್ಟೆಯೊಳಗೆ ಇಳಿಯುವ ಜಾಗದಲ್ಲಿ ಬೆರಳಾಡಿಸಿ ನೋಡಿ. ನಮ್ಮಲ್ಲಿ ವಾಪಸು ಬರುತ್ತಿದ್ದ ಜೊತೆಗಳಲ್ಲಿ ಅರ್ಧಕ್ಕರ್ಧ ಅಲ್ಲಿನ ಗಟ್ಟಿ ಹೊಲಿಗೆಯಿಂದಲೇ ಕಚ್ಚಿದವು.

ಗಿರಿದಾರಿ (ಮೂಡಿಗೆರೆ)

ಮೇಲಿನವರ ಮಾತಿಗೆ ಮಲೆನಾಡಿನ ಒಂದು ತಿದ್ದುಪಡಿ. ಹಾಸನದ ಸಮತಟ್ಟು ರಸ್ತೆಯಲ್ಲಿ ನಡೆಯುವವರಿಗೆ ಹಿಮ್ಮಡಿಯ ಪಟ್ಟಿ ಮುಖ್ಯವಾಗಿ ಕಂಡೀತು. ಕಾಫಿ ತೋಟದ ಇಳಿಜಾರಿನಲ್ಲಿ ಮುಂಗಾಲಿನ ಮೇಲಿನ ಪಟ್ಟಿಯೇ ಎಲ್ಲಕ್ಕಿಂತ ಮುಖ್ಯ. ಇಳಿಯುವಾಗ ಪಾದ ಮುಂದಕ್ಕೆ ಜಾರುತ್ತದೆ, ಅದನ್ನು ಆ ಪಟ್ಟಿ ತಡೆಯದಿದ್ದರೆ ಪೂರ್ತಿ ಭಾರವನ್ನು ಬೆರಳುಗಳೇ ಹೊರಬೇಕಾಗುತ್ತದೆ. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ನಾಲ್ಕು ಸಲ ಇಳಿದು ನೋಡಿ.

ಇನ್ನೊಂದು ಸಂಗತಿ ಅಟ್ಟೆಯದು. ಮೂರು ವರ್ಷಗಳ ಹಿಂದೆ, ವಿಶೇಷ ದಿನಗಳಿಗೆಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದ ಸ್ಯಾಂಡಲನ್ನು ಹಾಕಿಕೊಂಡು ಚಿಕ್ಕಮಗಳೂರಿಗೆ ಮದುವೆಯೊಂದಕ್ಕೆ ಹೋಗಿದ್ದೆ. ನೋಡಲು ಹೊಸದರಂತೆಯೇ ಇತ್ತು. ಕಾರಿನಿಂದ ಛತ್ರದ ಬಾಗಿಲಿಗೆ ಹೋಗುವಷ್ಟರಲ್ಲಿ ಎಡಗಾಲಿನ ಅಟ್ಟೆ ಹುರಿಟ್ಟಿನಂತೆ ಉದುರತೊಡಗಿತು. ಊಟದ ಪಂಕ್ತಿಯವರೆಗೆ ನಾನು ಬಂದ ದಾರಿಯನ್ನು ಯಾರು ಬೇಕಾದರೂ ಗುರುತಿಸಬಹುದಾಗಿತ್ತು. ಅದು ಪಿ.ಯು., ಅಂದರೆ ಪಾಲಿಯುರೆಥೇನ್ ಅಟ್ಟೆ. ಗಾಳಿಯ ತೇವದೊಂದಿಗೆ ಅದು ನಿಧಾನವಾಗಿ ಪ್ರತಿಕ್ರಿಯಿಸಿ ಒಳಗಿನಿಂದಲೇ ಬಿಡಿಬಿಡಿಯಾಗುತ್ತದೆ. ಹಾಕದೆ ಜೋಪಾನವಾಗಿ ಇಟ್ಟರೂ ಉಳಿಯುವುದಿಲ್ಲ, ನಮ್ಮ ಮಳೆಗಾಲದ ಥಂಡಿಯಲ್ಲಂತೂ ಅದರ ಆಯಸ್ಸು ಇನ್ನೂ ಕಡಿಮೆ. ಪಿ.ಯು. ಕೊಳ್ಳುವುದಾದರೆ ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳು, ವರ್ಷ ನೋಡಿಕೊಳ್ಳಿ. ಅಗ್ಗಕ್ಕೆ ಬರುವ ಹಳೆಯ ಸ್ಟಾಕನ್ನು ತರಬೇಡಿ. ಇ.ವಿ.ಎ. ಎಂಬ ಸ್ಪಂಜಿನಂತಹ ಅಟ್ಟೆಗೆ ಈ ರೋಗವಿಲ್ಲ, ತೂಕವೂ ಹಗುರ, ಆದರೆ ದಿನವಿಡೀ ನಿಲ್ಲುವವರ ಹಿಮ್ಮಡಿಯ ಕೆಳಗೆ ಕೆಲವೇ ತಿಂಗಳಲ್ಲಿ ಅದುಮಿ ಚಪ್ಪಟೆಯಾಗುತ್ತದೆ, ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರುತ್ತದೆ. ಒಳಗೆ ಇ.ವಿ.ಎ., ನೆಲಕ್ಕೆ ತಾಗುವಲ್ಲಿ ರಬ್ಬರು ಇರುವುದೇ ನನ್ನ ಆಯ್ಕೆ.

ಬಿಳಿ_ಕೋಟು (ಹಾಸನ)

ನಾನು ಶುಶ್ರೂಷಕಿ; ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುವುದು ನನ್ನ ನಿತ್ಯದ ಕೆಲಸ. ನಿಮ್ಮ ತಾಯಿಯವರ ವಿಷಯದಲ್ಲಿ "ಹಾಯೆನಿಸುತ್ತದೆಯೇ?" ಎಂದು ಕೇಳಿ ಚಪ್ಪಲಿ ಆರಿಸಬೇಡಿ. ಜೋಮು ಹಿಡಿದ ಪಾದಕ್ಕೆ ಕಚ್ಚುವ ಚಪ್ಪಲಿಯೂ ಹಾಯೆನಿಸುತ್ತದೆ. ಸರಿಯಾದ ಅಳತೆಯದು ಸಡಿಲವೆನಿಸಿ, ಅವರೇ ಬಿಗಿಯಾದದ್ದನ್ನು ಕೇಳಿ ಪಡೆಯುತ್ತಾರೆ. ಉಂಗುಷ್ಟವಿರುವ ಚಪ್ಪಲಿ ಬೇಡವೇ ಬೇಡ: ಬೆರಳ ಸಂದಿಯಲ್ಲಿ ಉಜ್ಜಿ ಗಾಯವಾದರೂ ಅವರಿಗೆ ತಿಳಿಯುವುದಿಲ್ಲ, ಚಪ್ಪಲಿ ಕಾಲಿನಿಂದ ಕಳಚಿಬಿದ್ದರೂ ತಿಳಿಯುವುದಿಲ್ಲ. ಮುಂಭಾಗ ಮುಚ್ಚಿದ, ಹಿಂದೆ ಪಟ್ಟಿಯಿರುವ, ವೆಲ್ಕ್ರೋದಿಂದ ಅಗಲಿಸಬಹುದಾದ, ಒಳಗೆ ಎಂ.ಸಿ.ಆರ್. ಎಂಬ ಮೃದು ರಬ್ಬರಿನ ಹಾಸಿರುವ ಪಾದರಕ್ಷೆ ಕೇಳಿ. ಅದಕ್ಕೂ ಮೊದಲು ವೈದ್ಯರು ಒಮ್ಮೆ ಪಾದದ ಸ್ಪರ್ಶಜ್ಞಾನ ಪರೀಕ್ಷಿಸಲಿ.

ಹೊಸದನ್ನು ಮೊದಲ ದಿನ ಅರ್ಧ ಗಂಟೆ ಮಾತ್ರ ಹಾಕಿಸಿ, ತೆಗೆದು ಅಂಗಾಲನ್ನೂ ಬೆರಳ ಸಂದಿಗಳನ್ನೂ ನೀವೇ ನೋಡಿ. ಕೆಂಪು ಗುರುತು ಬೇಗ ಮಾಯವಾಗದಿದ್ದರೆ ಆ ಜೊತೆ ಅವರಿಗೆ ಆಗದು. ಪ್ರತಿ ಸಲ ಹಾಕುವ ಮುನ್ನ ಒಳಗೆ ಕೈಯಾಡಿಸುವುದು ಅಭ್ಯಾಸವಾಗಲಿ. ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಕರೆದೊಯ್ಯುವುದಾದರೆ ಬಿಸಿಲೇರುವ ಮೊದಲೇ, ದಪ್ಪ ಕಾಲುಚೀಲ ಹಾಕಿಸಿ ಹೋಗಿ. ನಮಗೆ ಚುರ್ರೆಂದು ಕಾಲು ಕಿತ್ತಿಡುವಂತೆ ಮಾಡುವ ಕಾದ ಕಲ್ಲಿನ ಮೇಲೆ ಅವರು ಸುಮ್ಮನೆ ನಿಂತಿರುತ್ತಾರೆ. ಬೊಬ್ಬೆ ಕಾಣುವುದು ಮನೆಗೆ ಬಂದ ಮೇಲೆ.

ಹೇಮಾವತಿ_ತೀರ (ಹಾಸನ)

ಎಲ್ಲರಿಗೂ ಧನ್ಯವಾದಗಳು. ಹತ್ತು ದಿನ ಕಾದು ಬರೆಯುತ್ತಿದ್ದೇನೆ. ಶನಿವಾರ ಸಂಜೆ ಹೋಗಿ ಮತ್ತೆ ಅಳೆಸಿದಾಗ ನನ್ನ ಎಡಪಾದ ಬಲಪಾದಕ್ಕಿಂತ 4 ಮಿ.ಮೀ. ದೊಡ್ಡದೆಂದು ತಿಳಿಯಿತು, ಮನೆಯಲ್ಲಿ ನಾನು ಅಳೆದದ್ದು ಬಲಗಾಲನ್ನು ಮಾತ್ರ. ಹಳೆಯ ಜೊತೆಯನ್ನೂ ಕೊಂಡೊಯ್ದಿದ್ದೆ. ಬೆರಳಾಡಿಸಿದರೆ, ಹೇಳಿದಂತೆಯೇ, ಕಿರುಬೆರಳಿನ ಬುಡಕ್ಕೆ ಸರಿಯಾಗಿ ಹೊಲಿಗೆಯ ಗಂಟೊಂದು ಅಕ್ಕಿಕಾಳಿನಷ್ಟು ಗಟ್ಟಿಯಾಗಿ ಎದ್ದಿತ್ತು.

ಮಹಿಳೆಯರ ವಿಭಾಗದಲ್ಲಿ ಮೂರು ಕಡೆ ಹೊಂದಿಸಬಹುದಾದ 5ನೇ ನಂಬರು ಒಂದೂ ಇರಲಿಲ್ಲ. ಕೊನೆಗೆ ಅಂಗಡಿಯ ಹುಡುಗ ಹಿಂಜರಿಯುತ್ತಲೇ ಗಂಡಸರ ಸ್ಯಾಂಡಲಿನಲ್ಲಿ 5 ತಂದುಕೊಟ್ಟ. ಅದರ ಅಚ್ಚೇ ಅಗಲವಂತೆ. ಎಡಗಾಲೂ ಅಂಚಿನೊಳಗೆ ನೆಟ್ಟಗೆ ಕೂತಿತು. ಕಂದು ಬಣ್ಣ, ರಬ್ಬರಿನ ಅಟ್ಟೆ. ಸೀರೆಯ ನೆರಿಗೆಯ ಕೆಳಗೆ ಯಾರೂ ಗಮನಿಸಿಲ್ಲ, ಮೀನಖಂಡವೂ ಈ ವಾರ ತಂಟೆ ಮಾಡಿಲ್ಲ. ತಾಯಿಯವರ ಪಾದಪರೀಕ್ಷೆ ಬರುವ ಬುಧವಾರಕ್ಕಿದೆ, ಅವರ ಚಪ್ಪಲಿ ಆಮೇಲೆ. ಸದ್ಯಕ್ಕೆ ಇರುವ ತೊಂದರೆಯೆಂದರೆ, ಸ್ಟಾಫ್ ರೂಮಿನ ಬಾಗಿಲಲ್ಲಿ ಮೂರೂ ವೆಲ್ಕ್ರೋ ಬಿಚ್ಚುವಾಗ ಪರ್ ಪರ್ ಎನ್ನುವ ಸದ್ದಿಗೆ ಮುಖ್ಯೋಪಾಧ್ಯಾಯರು ಪ್ರತಿ ಸಲವೂ ತಲೆಯೆತ್ತಿ ನೋಡುತ್ತಾರೆ.