ಬದುವಿನ ಹುಲ್ಲಿನ ಎಲೆಯೊಳಗೆ ಹುಳು: ರಂಗೋಲಿ ನೊಣವೋ, ಹಿಸ್ಪಾವೋ?

ಪ್ರಶ್ನೆ: ಭತ್ತದ ಗದ್ದೆಯ ಬದುವಿನಲ್ಲಿರುವ ಕಾಡುಹುಲ್ಲಿನ ಎಲೆಗಳಲ್ಲಿ ತುದಿಯಿಂದ ಕೆಳಕ್ಕೆ ಬಿಳಚಿದ, ಉಬ್ಬಿದ ಪಟ್ಟೆಗಳಿವೆ. ಸೀಳಿದರೆ ಹಳದಿ ಮಿಶ್ರಿತ ಬಿಳಿ ಹುಳು. ಟೊಮೆಟೊ ಎಲೆಯಲ್ಲಿ ಕಾಣುವ ಅಂಕುಡೊಂಕು ಗೆರೆ ಇಲ್ಲ, ಹಾಗಾಗಿ ಎಲೆಯೊಳಗೆ ಮರಿ ಮೇಯುವ ರಂಗೋಲಿ ನೊಣ ಅಲ್ಲ ಅಲ್ಲವೇ? ಸಾಕಿ ನೋಡಲು ಡಬ್ಬಿಯಲ್ಲಿಟ್ಟ ಎಲೆಗಳಿಗೆ ಬೂಷ್ಟು ಹಿಡಿಯಿತು.

ಉತ್ತರ: ಗೆರೆ ನೇರವಾಗಿದೆ ಎಂದು ನೊಣವನ್ನು ಕೈಬಿಡಬೇಡಿ. ಹುಲ್ಲಿನ ನರಗಳು ಉದ್ದಕ್ಕೆ ಸಾಲಾಗಿರುತ್ತವೆ, ಒಳಗೆ ಮೇಯುವ ಹುಳು ಅವುಗಳ ನಡುವೆಯೇ ಸಾಗುತ್ತದೆ. ಹುಳುವಿನ ತಲೆ ನೋಡಿ, 10 ಪಟ್ಟು ದೊಡ್ಡದಾಗಿಸುವ ಲೆನ್ಸ್ ಸಾಕು. ನೊಣದ ಮರಿಗೆ ಗಟ್ಟಿ ತಲೆಯೂ ಇಲ್ಲ, ಕಾಲೂ ಇಲ್ಲ. ಮುಂತುದಿಯಲ್ಲಿ ಚರ್ಮದಡಿ ಕಪ್ಪು ಕೊಕ್ಕೆ ಹಿಂದೆ ಮುಂದೆ ಆಡುತ್ತಿರುತ್ತದೆ. ಗಟ್ಟಿ ಕಂದು ತಲೆ ಕಂಡರೆ ಪತಂಗ ಅಥವಾ ದುಂಬಿಯ ಮರಿ. ಮೈ ಚಪ್ಪಟೆಯಾಗಿದ್ದು ಪಕ್ಕಗಳು ಗರಗಸದಂತೆ ಚಾಚಿದ್ದರೆ ಹಿಸ್ಪಾ, ಅಂದರೆ ಭತ್ತವನ್ನು ಕಾಡುವ ಮುಳ್ಳು ದುಂಬಿಯ ಮರಿ.

ಮತ್ತೊಂದು ಉತ್ತರ: ಗದ್ದೆ ಬದು ಎಂದಿರಿ, ನನಗೆ ಹಿಸ್ಪಾ ಮೇಲೆಯೇ ಅನುಮಾನ. ಅದೇ ಗಿಡದಲ್ಲಿ ಎಲೆಯ ಮೇಲ್ಮೈ ಕೆರೆದ ಸಣ್ಣ ಬಿಳಿ ಗೀರುಗಳಿವೆಯೇ ನೋಡಿ. ಅದು ಬೆಳೆದ ಹಿಸ್ಪಾ ದುಂಬಿಯ ಕೆಲಸ: ನೀಲಿ ಛಾಯೆಯ ಕಪ್ಪು ಬಣ್ಣ, ಸುಮಾರು 5 ಮಿ.ಮೀ., ಮೈತುಂಬ ಮುಳ್ಳು. ಗೀರು ಟೊಳ್ಳಲ್ಲ. ಹುಳುವಿನ ಪಟ್ಟೆಯಲ್ಲಾದರೆ ಮೇಲಿನ, ಕೆಳಗಿನ ಎರಡೂ ಸಿಪ್ಪೆ ಉಳಿದಿರುತ್ತವೆ. ಬಿಸಿಲಿಗೆ ಹಿಡಿದರೆ ಒಳಗಿನ ಹುಳು, ಹಿಕ್ಕೆ ನೆರಳಿನಂತೆ ಕಾಣುತ್ತವೆ. ಎಲೆ ಮಡಚಿ ನೂಲಿನಿಂದ ಹೊಲಿದಂತಿದ್ದರೆ ಅದು ಎಲೆ ಸುರುಳಿ ಹುಳು, ಎಲೆಯೊಳಗೆ ಕೊರೆಯುವ ಈ ಗುಂಪಿಗೇ ಸೇರುವುದಿಲ್ಲ.

ಪ್ರಶ್ನೆ ಕೇಳಿದವರು: ಕಂದು ತಲೆ, ಚಪ್ಪಟೆ ಮೈ. ಗೀರುಗಳೂ ಇವೆ.

ಉತ್ತರ: ಹಾಗಾದರೆ ಹಿಸ್ಪಾ ಎಂದೇ ಹಿಡಿಯಿರಿ, ದುಂಬಿ ಹೊರಬಂದ ಮೇಲೆ ಖಚಿತವಾಗುತ್ತದೆ. ಬೂಷ್ಟಿಗೆ ಕಾರಣ ಮುಚ್ಚಿದ ಡಬ್ಬಿಯಲ್ಲಿ ಎಲೆ ಬಿಟ್ಟ ತೇವ. ಎಲೆ ಕೀಳದೆ ದಂಟು ಸಮೇತ ಕತ್ತರಿಸಿ, ಬುಡವನ್ನು ನೀರಿನ ಸಣ್ಣ ಸೀಸೆಗೆ ಇಳಿಸಿ, ಬಾಯಿಗೆ ಹತ್ತಿ ತುರುಕಿ. ಅದನ್ನು ದೊಡ್ಡ ಜಾಡಿಯಲ್ಲಿಟ್ಟು ತೆಳು ಬಟ್ಟೆ ಕಟ್ಟಿ, ತಳಕ್ಕೆ ಒಣ ಟಿಶ್ಯೂ ಹಾಸಿ ದಿನವೂ ಬದಲಿಸಿ. ನೇರ ಬಿಸಿಲು ಬೇಡ. ಹಿಸ್ಪಾ ಎಲೆಯೊಳಗೇ ಕೋಶವಾಗುತ್ತದೆ, ಆದ್ದರಿಂದ ಪಟ್ಟೆ ಒಣಗಿತೆಂದು ಎಸೆಯಬೇಡಿ. ಹಸಿರು ಹೊಳಪಿನ ಪುಟ್ಟ ಕಣಜ ಹೊರಬಂದರೆ ಎಲೆ ಕೊರೆದದ್ದು ಅದಲ್ಲ. ಕೊರೆದ ಹುಳುವನ್ನು ತಿಂದು ಬೆಳೆದದ್ದು. ಅದನ್ನೂ ಎತ್ತಿಡಿ. ಹುಲ್ಲಿನ ಹೂಗೊಂಚಲನ್ನೂ ಒಣಗಿಸಿಡಿ, ಬರೀ ಎಲೆಯಿಂದ ಹುಲ್ಲಿನ ಜಾತಿ ಹೇಳುವುದು ಕಷ್ಟ.

ಮತ್ತೊಂದು ಉತ್ತರ: ಪಕ್ಕದಲ್ಲಿ ಭತ್ತದ ಸಸಿಮಡಿ ಇದ್ದರೆ ಇಂದೇ ನೋಡಿ. ಬದುವಿನ ಹುಲ್ಲಿನಿಂದ ಹಿಸ್ಪಾ ಭತ್ತಕ್ಕೆ ದಾಟುತ್ತದೆ, ಮೊಟ್ಟೆ ಇಡುವುದು ಹೆಚ್ಚಾಗಿ ಎಲೆಯ ತುದಿಯಲ್ಲಿ. ನಾಟಿಗೆ ಮುಂಚೆ ಸಸಿಗಳ ತುದಿ ಕತ್ತರಿಸಿ ಸುಟ್ಟುಬಿಡಿ, ಗದ್ದೆಯಲ್ಲೇ ಬಿಡಬೇಡಿ.