ಟ್ರೆಡ್‌ಮಿಲ್ ಓಡಿದ ಇಲಿಗಳಲ್ಲಿ ಕಂಡದ್ದು ತರಬೇತಿಯ ಫಲವೇ, ಒತ್ತಡದ ಫಲವೇ?

ಪ್ರಶ್ನೆ: ನಮಸ್ತೆ. ಗಂಡು ಇಲಿಗಳಿಗೆ 8 ವಾರ ಟ್ರೆಡ್‌ಮಿಲ್ ತರಬೇತಿ ಕೊಟ್ಟೆವು. ನಿಂತುಬಿಡುವ ಇಲಿಗಳನ್ನು ಓಡಿಸಲು ಬೆಲ್ಟಿನ ಹಿಂದಿರುವ ವಿದ್ಯುತ್ ಗ್ರಿಡ್ ಬಳಸಿದ್ದೇವೆ. ಹೋಲಿಕೆಗೆಂದು ಇಟ್ಟ ಕಂಟ್ರೋಲ್ ಗುಂಪು ಪಂಜರದಲ್ಲೇ ಇತ್ತು. ಕೊನೆಯ ಓಟದ ಮರುದಿನವೇ ಅಂಗಾಂಶ ತೆಗೆದೆವು. ಸುಸ್ತಾಗುವವರೆಗೆ ಓಡುವ ಅವಧಿ ಚೆನ್ನಾಗಿ ಹೆಚ್ಚಿದೆ, ದೇಹತೂಕದ ಅನುಪಾತದಲ್ಲಿ ಹೃದಯದ ತೂಕವೂ ಹೆಚ್ಚಿದೆ. ಆದರೆ ಒತ್ತಡದ ಹಾರ್ಮೋನು ಸ್ರವಿಸುವ ಅಡ್ರಿನಲ್ ಗ್ರಂಥಿಯೂ ದೊಡ್ಡದಾಗಿದೆ. ಇದನ್ನೆಲ್ಲ ತರಬೇತಿಯ ಪರಿಣಾಮ ಅಂತ ಬರೆಯಬಹುದಾ?

ಉತ್ತರ: ಈಗಲೇ ಬರೆಯಬೇಡಿ. ಅಡ್ರಿನಲ್ ದೊಡ್ಡದಾಗಿದ್ದರೆ ಇಲಿಗಳು ದೀರ್ಘಕಾಲ ಒತ್ತಡದಲ್ಲಿದ್ದವು ಎಂಬ ಅನುಮಾನ ಸಹಜ. ದೀರ್ಘ ಒತ್ತಡದಲ್ಲಿ ಕುಗ್ಗುವ ರೋಗನಿರೋಧಕ ಗ್ರಂಥಿ ಥೈಮಸ್‌ನ ತೂಕ ಇಳಿದಿದೆಯೇ, ಇಲಿಗಳ ಒತ್ತಡದ ಹಾರ್ಮೋನು ಕಾರ್ಟಿಕೋಸ್ಟೀರೋನ್ ಏರಿದೆಯೇ ನೋಡಿ. ಬಲವಂತದ ಓಟದಲ್ಲಿ ಇವು ಕಾಣಿಸಿಕೊಳ್ಳುವುದು ಹೊಸದೇನಲ್ಲ. ನಿಮ್ಮ ಕಂಟ್ರೋಲ್ ಇಲಿಗಳು ಬೆಲ್ಟನ್ನೂ ಅದರ ಸದ್ದನ್ನೂ ದಿನದಿನದ ಹಿಡಿದೆತ್ತುವಿಕೆಯನ್ನೂ ಕಂಡೇ ಇಲ್ಲ. ಹಾಗಾಗಿ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಓಟವೊಂದೇ ಅಲ್ಲ. ನಿಂತಿರುವ ಅಥವಾ ತೀರಾ ನಿಧಾನವಾಗಿ ಸಾಗುವ ಬೆಲ್ಟಿನ ಮೇಲೆ ಅವನ್ನೂ ಬಿಡಬೇಕಿತ್ತು.

ಹೃದಯದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ತರಬೇತಿ ಪಡೆದ ಗಂಡು ಇಲಿಗಳು ಸಾಮಾನ್ಯವಾಗಿ ಕಡಿಮೆ ತೂಕ ಗಳಿಸುತ್ತವೆ. ಅನುಪಾತದ ಛೇದವಾದ ದೇಹತೂಕ ಚಿಕ್ಕದಾದರೆ ಹೃದಯ ಒಂದಿಷ್ಟೂ ಬೆಳೆಯದೆ ಅನುಪಾತ ಏರುತ್ತದೆ. ಇಲಿಗಳ ಕಾಲುಗಳನ್ನು ಎಸೆಯದೆ ಉಳಿಸಿಕೊಂಡಿದ್ದರೆ, ದೇಹತೂಕದಂತೆ ಇಳಿಯದ ಟಿಬಿಯಾ (ಮೊಣಕಾಲಿನ ಕೆಳಗಿನ) ಮೂಳೆಯ ಉದ್ದ ಅಳೆದು, ಅದಕ್ಕೆ ಹೋಲಿಸಿ ಮತ್ತೆ ಲೆಕ್ಕ ಹಾಕಿ. ಆಗಲೂ ವ್ಯತ್ಯಾಸ ಉಳಿದು, ಫೈಬ್ರೋಸಿಸ್ (ಹೃದಯದಲ್ಲಿ ನಾರಿನಂಥ ಗಾಯದ ಅಂಗಾಂಶ) ಇಲ್ಲದಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ.

ಓಟದ ಅವಧಿ ಹೆಚ್ಚಿದ್ದರಲ್ಲೂ ಬೆಲ್ಟಿನ ಪರಿಚಯದ ಪಾಲಿದೆ. ಕಾಲಿನ ಮೀನಖಂಡದ ಸೋಲಿಯಸ್ ಸ್ನಾಯುವಿನಲ್ಲಿ, ಆಮ್ಲಜನಕ ಬಳಸಿ ಶಕ್ತಿ ಉತ್ಪಾದಿಸುವ ಸಾಮರ್ಥ್ಯವನ್ನು ಸೂಚಿಸುವ ಸಿಟ್ರೇಟ್ ಸಿಂಥೇಸ್ ಕಿಣ್ವವನ್ನು ನೋಡಿ. ಅದು ಏರಿದ್ದರೆ ಸ್ನಾಯುವೇ ಬದಲಾಗಿದೆ ಎನ್ನಬಹುದು. ವ್ಯಾಯಾಮ ವಿಜ್ಞಾನಿ ಹಾಲೋಝಿ 1967ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದೇ ಬಗೆಯ ಬದಲಾವಣೆ. ಹಗುರ ವ್ಯಾಯಾಮದ ಹಿಂದಿನ ಪ್ರಯೋಗಗಳಲ್ಲಿ ಏನೂ ಕಂಡಿರಲಿಲ್ಲ. ಹಾಲೋಝಿ ವ್ಯಾಯಾಮದ ಭಾರವನ್ನು ಹಂತಹಂತವಾಗಿ ದಿನಕ್ಕೆ 2 ಗಂಟೆಯ ಕಠಿಣ ಓಟದವರೆಗೆ ಏರಿಸಿದಾಗ, ಸ್ನಾಯುವಿನ ಉಸಿರಾಟದ ಕಿಣ್ವಗಳು ಸುಮಾರು ಇಮ್ಮಡಿಯಾದವು. ಹಾಗಾಗಿ ವೇಗ, ಇಳಿಜಾರು, ಅವಧಿ ಮೂರನ್ನೂ ವಾರವಾರು ಬರೆಯಿರಿ. ‘ಮಧ್ಯಮ ತೀವ್ರತೆ’ ಎಂದಷ್ಟೇ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಮರುದಿನವೇ ಅಂಗಾಂಶ ತೆಗೆದದ್ದರಿಂದ ಇನ್ಸುಲಿನ್ ಸಂವೇದನೆ, ಸ್ನಾಯುವಿನ ಶಕ್ತಿ ಉತ್ಪಾದನೆಯನ್ನು ಹೆಚ್ಚಿಸುವ ಪ್ರೋಟೀನ್ ಪಿಜಿಸಿ-1 ಆಲ್ಫಾದ ಎಂಆರ್‌ಎನ್‌ಎ ಇವುಗಳಲ್ಲಿ ಕೊನೆಯ ಓಟದ ನೆರಳು ಬೆರೆತಿರಬಹುದು. ಮುಂದಿನ ಸಲ 48ರಿಂದ 72 ಗಂಟೆ ಬಿಡಿ.

ಮರುಪ್ರಶ್ನೆ: ಹಾಗಾದರೆ ಟ್ರೆಡ್‌ಮಿಲ್ ಬಿಟ್ಟು ಓಟದ ಚಕ್ರ ಇಡಬಹುದಾ?

ಉತ್ತರ: ಪ್ರಶ್ನೆ ಮಿದುಳಿನದ್ದಾದರೆ ನಾನು ಚಕ್ರವನ್ನೇ ಆರಿಸುತ್ತೇನೆ. ಸುಂಡಿಲಿಗಳಲ್ಲಿ (ಚಿಕ್ಕ ಜಾತಿಯ ಇಲಿ, ಮೌಸ್) ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹೆಚ್ಚಿದ್ದನ್ನು ವ್ಯಾನ್ ಪ್ರಾಗ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದ್ದು ಚಕ್ರದಲ್ಲೇ. ಸುಂಡಿಲಿ ತನ್ನಿಚ್ಛೆಯಿಂದ, ತನ್ನ ಎಚ್ಚರದ ಹೊತ್ತಾದ ರಾತ್ರಿಯಲ್ಲಿ ಹಲವು ಕಿಲೋಮೀಟರ್ ಓಡುತ್ತದೆ. ಆದರೆ ಎಷ್ಟು, ಯಾವ ವೇಗದಲ್ಲಿ ಎಂಬುದು ನಿಮ್ಮ ಕೈಯಲ್ಲಿಲ್ಲ. ತೀವ್ರತೆಯೇ ನಿಮ್ಮ ಪ್ರಶ್ನೆಯಾದರೆ ಟ್ರೆಡ್‌ಮಿಲ್ ಬೇಕೇ ಬೇಕು. ಮೊದಲ ವಾರ ನಿಧಾನದ ವೇಗದಲ್ಲಿ ಕೆಲವೇ ನಿಮಿಷ ಓಡಿಸಿ ಒಗ್ಗಿಸಿ. ವಿದ್ಯುತ್ ಗ್ರಿಡ್ ಆಫ್ ಮಾಡಿ, ಮೃದು ಕುಂಚದಿಂದ ಹಿಂದಿನಿಂದ ಮುಟ್ಟಿ. ಸಾಕಷ್ಟು ಇಲಿಗಳು ಅಷ್ಟಕ್ಕೇ ಓಡುತ್ತವೆ. ಇದು ಪ್ರಾಣಿಗೂ ಒಳ್ಳೆಯದು, ದತ್ತಾಂಶಕ್ಕೂ ಒಳ್ಳೆಯದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಏನು ಮಾಡಿದರೂ ಓಡದ ಇಲಿಗಳನ್ನು ಗುಂಪಿನಿಂದ ತೆಗೆದುಹಾಕಿದರೆ ತಪ್ಪಾ?

ಉತ್ತರ: ತರಬೇತಿ ಗುಂಪಿನಿಂದ ಮಾತ್ರ ತೆಗೆದರೆ ತಪ್ಪು. ಸಂಶೋಧಕರಾದ ಕೋಚ್ ಮತ್ತು ಬ್ರಿಟನ್ ಚೆನ್ನಾಗಿ ಓಡುವ ಇಲಿಗಳನ್ನೂ ಕಡಿಮೆ ಓಡುವವುಗಳನ್ನೂ ಬೇರೆಬೇರೆಯಾಗಿ ತಲೆಮಾರುಗಳ ಕಾಲ ತಳಿ ಮಾಡಿದರು. ಕಡಿಮೆ ಓಡುವ ವಂಶದಲ್ಲಿ ರಕ್ತದೊತ್ತಡ, ಚಯಾಪಚಯದ ತೊಂದರೆಗಳು ಹೆಚ್ಚು ಕಂಡವು, ಅದೂ ಯಾವ ತರಬೇತಿಯೂ ಇಲ್ಲದೆ. ಓಡದವನ್ನು ನೀವು ಹೊರಗೆ ಹಾಕಿದಾಗ ಹುಟ್ಟಿನಿಂದಲೇ ಆರೋಗ್ಯವಂತವಾದವು ತರಬೇತಿ ಗುಂಪಿನಲ್ಲಿ ಉಳಿಯುತ್ತವೆ, ಕಂಟ್ರೋಲ್‌ನಲ್ಲಿ ಎಲ್ಲ ಬಗೆಯವೂ ಇರುತ್ತವೆ. ಒಗ್ಗಿಸುವ ವಾರದಲ್ಲೇ ಎಲ್ಲ ಇಲಿಗಳನ್ನೂ ಪರೀಕ್ಷಿಸಿ, ಓಡದವನ್ನು ಆಗಲೇ ಬಿಟ್ಟು, ಉಳಿದವನ್ನು ಯಾದೃಚ್ಛಿಕವಾಗಿ ಎರಡು ಗುಂಪಿಗೆ ಹಂಚಿ. ಆಮೇಲೆ ಬಿಟ್ಟುಹೋದವು ಎಷ್ಟು, ಯಾವ ವಾರ, ಯಾಕೆ ಎಂಬುದನ್ನು ಪ್ರಬಂಧದಲ್ಲಿ ಬರೆಯಿರಿ.