ಪ್ರತಿ ಷೇರಿನ ನಷ್ಟ ಅರ್ಧಕ್ಕೆ ಇಳಿದಿದೆ: ಕಂಪನಿ ಸುಧಾರಿಸಿದೆ ಎನ್ನಬಹುದೇ?

ಪ್ರಶ್ನೆ
ಶಾಂಪೂ, ಮುಖದ ಕ್ರೀಮು ತಯಾರಿಸುವ ಸಣ್ಣ ಕಂಪನಿಯೊಂದರ ಐದು ವರ್ಷಗಳ ವಾರ್ಷಿಕ ವರದಿಗಳನ್ನು ಎರಡು ವಾರದಿಂದ ಓದುತ್ತಿದ್ದೇನೆ. ಐದೂ ವರ್ಷ ನಷ್ಟವೇ. ಆದರೆ ಮಾರಾಟ ಏರುತ್ತಿದೆ, ಪ್ರತಿ ಷೇರಿನ ನಷ್ಟ ಅರ್ಧಕ್ಕೆ ಇಳಿದಿದೆ. ಲಾಭದಲ್ಲಿರುವ ಕಂಪನಿಯಾದರೆ ಗಳಿಕೆಯ ಬೆಳವಣಿಗೆ ದರವನ್ನೋ ಬೆಲೆ–ಗಳಿಕೆ ಅನುಪಾತವನ್ನೋ (ಷೇರಿನ ಬೆಲೆ ಪ್ರತಿ ಷೇರಿನ ಗಳಿಕೆಯ ಎಷ್ಟು ಪಟ್ಟು ಎಂಬುದು) ನೋಡುತ್ತಿದ್ದೆ. ಇಲ್ಲಿ ಎರಡೂ ಕೆಲಸಕ್ಕೆ ಬರುತ್ತಿಲ್ಲ. ಹಿಂದಿನ ಸಾಧನೆಯನ್ನು ಯಾವುದರಿಂದ ಅಳೆಯಬೇಕು? ಉಳಿತಾಯದ ಹಣ ತೊಡಗಿಸುವ ವಿಚಾರವಾದ್ದರಿಂದ ಅವಸರವಿಲ್ಲ.

ಉತ್ತರ 1
ಬೆಳವಣಿಗೆ ದರವನ್ನು ಪಕ್ಕಕ್ಕಿಡಿ. 10ರ ನಷ್ಟದಿಂದ 5ರ ಲಾಭಕ್ಕೆ ಬಂದ ಕಂಪನಿಗೆ ಆ ಸೂತ್ರ (ಬದಲಾವಣೆಯನ್ನು ಹಿಂದಿನ ಗಳಿಕೆಯಿಂದ ಭಾಗಿಸುವುದು) ಹಾಕಿದರೆ ಉತ್ತರ ಮೈನಸ್ 150 ಪ್ರತಿಶತ! ಮೊದಲು ಷೇರುಗಳ ಸಂಖ್ಯೆ ನೋಡಿ. 100 ಷೇರಿಗೆ 100 ನಷ್ಟವಿದ್ದದ್ದು 300 ಷೇರಿಗೆ 150 ಆದರೆ ಪ್ರತಿ ಷೇರಿನ ನಷ್ಟ ಅರ್ಧವಾಗುತ್ತದೆ. ನಿಜವಾದ ನಷ್ಟ ಒಂದೂವರೆ ಪಟ್ಟಾಗಿರುತ್ತದೆ.

ಉತ್ತರ 2
ಸೌಂದರ್ಯವರ್ಧಕ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ದುಡಿದವನು ನಾನು. ನಷ್ಟ ಎಷ್ಟು ಎಂದು ಕೇಳುವ ಮೊದಲು ಲಾಭ–ನಷ್ಟದ ಪಟ್ಟಿಯಲ್ಲಿ ಅದು ಯಾವ ಸಾಲಿನಲ್ಲಿ ಹುಟ್ಟಿತು ಎಂದು ಹುಡುಕಿ. ಗ್ರಾಸ್ ಮಾರ್ಜಿನ್‌ನಲ್ಲೇ (ಮಾರಾಟದಲ್ಲಿ ಸರಕಿನ ತಯಾರಿಕೆ ವೆಚ್ಚ ಕಳೆದು ಉಳಿಯುವ ಪಾಲು) ಸೊರಗಿದ್ದರೆ ಸರಕಿಗೆ ಬೆಲೆ ಸಿಗುತ್ತಿಲ್ಲ. ಅದು ಚೆನ್ನಾಗಿದ್ದೂ ಜಾಹೀರಾತು ನುಂಗುತ್ತಿದ್ದರೆ, ಮಾರಾಟದಲ್ಲಿ ಜಾಹೀರಾತಿನ ಪಾಲು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೇ ನೋಡಿ. ಇಳಿಯದಿದ್ದರೆ ಒಮ್ಮೆ ಕೊಂಡವರು ಮತ್ತೆ ಕೊಳ್ಳುತ್ತಿಲ್ಲ ಎಂಬ ಅನುಮಾನ ನನಗೆ ಬರುತ್ತದೆ.

ಪಟ್ಟಿಯ ಇನ್ನೂ ಕೆಳಗಿನ ಸಾಲುಗಳ, ಅಂದರೆ ಆಸ್ತಿಯ ಮೌಲ್ಯ ತಗ್ಗಿಸಿದ್ದು, ಬಡ್ಡಿ ಮುಂತಾದವುಗಳ ಕಥೆ ಬೇರೆ. ಅಲ್ಲಿ ನಗದು ಹೊರಹೋಯಿತೇ ಎಂದು ನೋಡಬೇಕು. 2019ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ 500 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿತು. ತನ್ನ ಜಿಲೆಟ್ ಶೇವಿಂಗ್ ವ್ಯವಹಾರದ ಮೌಲ್ಯವನ್ನು ಪುಸ್ತಕದಲ್ಲಿ ಸುಮಾರು 800 ಕೋಟಿ ಡಾಲರ್ ತಗ್ಗಿಸಿದ್ದೇ ಕಾರಣ. ಆ ತ್ರೈಮಾಸಿಕದಲ್ಲಿ ಅದಕ್ಕಾಗಿ ನಗದು ಹೊರಹೋಗಲಿಲ್ಲ. ಸೌಂದರ್ಯವರ್ಧಕ ಕಂಪನಿ ರೆವ್ಲಾನ್‌ನದು ಇದಕ್ಕೆ ತದ್ವಿರುದ್ಧ. 2016ರಲ್ಲಿ ಎಲಿಜಬೆತ್ ಆರ್ಡನ್ ಎಂಬ ಇನ್ನೊಂದು ಸೌಂದರ್ಯವರ್ಧಕ ಕಂಪನಿಯನ್ನು ಕೊಂಡ ಅದು 300 ಕೋಟಿ ಡಾಲರ್ ಮೀರಿದ ಸಾಲ ಹೊತ್ತು 2022ರ ಜೂನ್‌ನಲ್ಲಿ ಸಾಲ ಕೊಟ್ಟವರಿಂದ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಬಡ್ಡಿಗೆ ನಗದನ್ನೇ ಎಣಿಸಿಕೊಡಬೇಕಲ್ಲ.

ಮಾರಾಟ ಏರುತ್ತಿದೆ ಎಂದಿರಿ. ಅಲ್ಲಿ ನಿಧಾನಿಸಿ, ದಯವಿಟ್ಟು. ನಾನಿದ್ದ ಕಂಪನಿಯಲ್ಲಿ ಲೆಕ್ಕವರ್ಷದ ಕೊನೆಯ ಹತ್ತು ದಿನ ವಿತರಕರ ಗೋದಾಮುಗಳಿಗೆ ಸರಕು ತುಂಬಿಸುತ್ತಿದ್ದರು. ಪುಸ್ತಕದಲ್ಲಿ ಅದು ಮಾರಾಟ. ಮುಂದಿನ ವರ್ಷ ಅವಧಿ ಮುಗಿದ ಕ್ರೀಮಿನ ಪೆಟ್ಟಿಗೆಗಳು ವಾಪಸು ಬರುತ್ತಿದ್ದವು. ಅವುಗಳನ್ನು ದಾಸ್ತಾನಿನಿಂದ ತೆಗೆದುಹಾಕುವ ನಮೂದನ್ನು ನನ್ನ ಕೈಯಾರೆ ಬರೆದಿದ್ದೇನೆ. ಆ ಬೇಸರ ಇಂದಿಗೂ ಹೋಗಿಲ್ಲ. ಹೀಗೆ ತುಂಬಿಸಿದ ಸರಕಿನ ಹಣ ಬೇಗ ಬರುವುದಿಲ್ಲ. ಆದ್ದರಿಂದ ವಿತರಕರು ಕಂಪನಿಗೆ ಕೊಡಬೇಕಾದ ಬಾಕಿ ಎಷ್ಟು ದಿನಗಳ ಮಾರಾಟಕ್ಕೆ ಸಮ ಎಂಬುದನ್ನು ಪ್ರತಿ ವರ್ಷಕ್ಕೂ ಲೆಕ್ಕಹಾಕಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆ. ನಿನ್ನೆ ರಾತ್ರಿ ಕುಳಿತು ಲೆಕ್ಕಹಾಕಿದೆ. ಷೇರುಗಳು 2.6 ಪಟ್ಟಾಗಿವೆ, ಅಂದರೆ ಒಟ್ಟು ನಷ್ಟ ಶೇ 30ರಷ್ಟು ಹೆಚ್ಚಿದೆ. ಗ್ರಾಸ್ ಮಾರ್ಜಿನ್ ಶೇ 48ರಿಂದ 55ಕ್ಕೆ ಏರಿದೆ, ಜಾಹೀರಾತಿನ ಪಾಲು ಶೇ 41ರಿಂದ 33ಕ್ಕೆ ಇಳಿದಿದೆ. ಇವೆರಡನ್ನು ಕಂಡು ಹಿಗ್ಗಿದ್ದೆ. ಆದರೆ ವಿತರಕರ ಬಾಕಿ 38 ದಿನಗಳಿಂದ 71ಕ್ಕೆ ಹೋಗಿದೆ, ಅದರಲ್ಲೂ ಹೆಚ್ಚಿನ ಏರಿಕೆ ಕಳೆದ ವರ್ಷದ್ದೇ.

ಉತ್ತರ 2
ಹಾಗಾದರೆ ಕಳೆದ ವರ್ಷದ ಮಾರಾಟವನ್ನು ಸದ್ಯಕ್ಕೆ ನಂಬಬೇಡಿ. ಮಾರ್ಜಿನ್ ಸುಧಾರಣೆ ಮೊದಲ ನಾಲ್ಕು ವರ್ಷಗಳಲ್ಲೂ ಕಾಣುತ್ತದೆಯೇ? ಕಂಡರೆ ಅದಕ್ಕೆ ಬೆಲೆಯಿದೆ. ಮುಂದಿನ ಎರಡು ತ್ರೈಮಾಸಿಕಗಳಲ್ಲಿ ಆ ಬಾಕಿ ವಸೂಲಾಗುತ್ತದೆಯೋ, ಸರಕು ಹಿಂತಿರುಗುತ್ತದೆಯೋ ಕಾದು ನೋಡಿ.

ಪ್ರಶ್ನೆ ಕೇಳಿದವರು
ನಾಲ್ಕೂ ವರ್ಷ ಏರಿದೆ. ಕಾಯುತ್ತೇನೆ. ಹಣ ಬ್ಯಾಂಕಿನಲ್ಲೇ ಇರಲಿ.